ಗೋಣಜ್ಜಿ ಹುಟ್ಟಿದ್ದು ಹೀಗೆ

ಕಾಗಾಲ, ಕುಮಟಾ ತಾಲೂಕು
24 ನವೆಂಬರ್ 2024

ಪ್ರೀತಿಯ ವಿನುತಾ,

ನಿನ್ನ ಕಾಗದ ಬಂದು ತಿಂಗಳು ಕಳೆಯಿತು. ಉತ್ತರ ತಡವಾದದ್ದಕ್ಕೆ ಸೋಮಾರಿತನ ಕಾರಣವಲ್ಲ ಎಂದರೆ ನೀನು ನಂಬುವವಳಲ್ಲ. ಶಾಲೆಯಲ್ಲಿ ನನ್ನ ಮಗ್ಗಿಯನ್ನೂ ನೀನೇ ಬರೆದುಕೊಟ್ಟವಳು. ಆದರೆ ಈ ಸಲ ನನ್ನ ಹತ್ತಿರ ಸರ್ಕಾರಿ ಕಾರಣವೇ ಇದೆ. ನನ್ನ ಫೋನು ಪೊಲೀಸ್ ಠಾಣೆಯಲ್ಲಿದೆ. ಊರಿನ ಎಲ್ಲರ ಫೋನುಗಳ ಜೊತೆ ಅದನ್ನೂ ಒಯ್ದರು. ಅದರಲ್ಲಿ ಇದ್ದದ್ದು ನೀನು ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂಗಳು, ಮತ್ತೆ ಮಂಡಿನೋವಿಗೆ ಮೆಂತ್ಯದ ಮದ್ದು. ಯಾರೋ ಒಬ್ಬ ಪೇದೆ ಈಗ ಅವನ್ನೆಲ್ಲ ಒಂದೊಂದಾಗಿ ತೆರೆದು ನೋಡುತ್ತಿರಬೇಕು. ದೇವರು ಅವನಿಗೆ ಸಹನೆ ಕೊಡಲಿ.

ನಾನು ಚೆನ್ನಾಗಿದ್ದೇನೆ. ಅಂಗನವಾಡಿಯಿಂದ ನನಗೆ ನಿವೃತ್ತಿ ಸಿಕ್ಕಿತು, ಮಂಡಿನೋವಿಗೆ ಸಿಗಲಿಲ್ಲ. ಅದು ನಿಷ್ಠೆಯಿಂದ ಸೇವೆ ಮುಂದುವರಿಸಿದೆ. ಹೆಬಳೆಯಲ್ಲಿ ನಿನ್ನ ಹೊಸ ಮನೆಗೆ ಬಣ್ಣ ಆಯಿತೆ? ಹಸಿರು ಬೇಡ ಅಂದಿದ್ದೆ. ಬಳಿಸಿರುತ್ತೀ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. ಭಟ್ಕಳದ ಮಹಿಳಾ ಮಂಡಳದಲ್ಲಿ ಮಕ್ಕಳನ್ನು ಹೆದರಿಸುವ ಗುಮ್ಮಗಳ ಬಗ್ಗೆ ಭಾಷಣ ಮಾಡಬೇಕು, ನಿಮ್ಮ ಊರಿನ ಗುಮ್ಮನ ಹೆಸರೇನು, ಹುಟ್ಟೇನು ಎಂದು ಕೇಳಿದ್ದೀ. ಗ್ರೀಕರ ಗುಮ್ಮ ಮೊರ್ಮೊ ಬಗ್ಗೆ ನೀನು ಬರೆದ ಕಥೆಯನ್ನು ಎರಡು ಸಲ ಓದಿದೆ. ಅಷ್ಟೊಂದು ತತ್ವಜ್ಞಾನ ಹುಟ್ಟಿದ ನಾಡಿನಲ್ಲೂ ಮಗುವಿನ ಗಂಟಲಲ್ಲಿ ತುತ್ತು ಇಳಿಯಲಿಕ್ಕೆ ಕೊನೆಗೆ ಭೂತವೇ ಬೇಕಾಯಿತು ಎಂದು ತಿಳಿದು ನನ್ನ ಮೂವತ್ತು ವರ್ಷಗಳ ಸೇವೆ ಸಾರ್ಥಕವಾಯಿತು. ಆ ಹೆಸರಿನ ಅರ್ಥವೇ ಭಯ ಎಂದು ಬರೆದಿದ್ದೀ. ಕೊರಿಂಥ್ ಎಂಬ ಊರಿನ ಹೆಂಗಸು, ಒಂದು ಸಂಜೆ ತನ್ನ ಮಕ್ಕಳನ್ನೇ ತಿಂದು ಹಾರಿಹೋದಳು ಎಂದು ಕೆಲವರು. ಅಲ್ಲ, ಅವಳು ಮಕ್ಕಳನ್ನು ಕಳೆದುಕೊಂಡ ರಾಣಿ, ಆ ಸಂಕಟಕ್ಕೆ ಕಂಡವರ ಮಕ್ಕಳ ಮೇಲೆ ಬೀಳುತ್ತಾಳೆ ಎಂದು ಇನ್ನು ಕೆಲವರು. ನನ್ನದೊಂದು ಅಂಗನವಾಡಿ ಮಟ್ಟದ ಪ್ರಶ್ನೆ, ತಪ್ಪು ತಿಳಿಯಬೇಡ. ಅವಳು ತಿಂದದ್ದನ್ನು ಕಂಡವರು ಯಾರು? ಹಾರಿದ್ದನ್ನು ಕಂಡವರು ಇರಬಹುದು. ಅಟ್ಟಿಸಿಕೊಂಡು ಹೋದವರಿಗೆ ಓಟವೂ ಹಾರಾಟದ ಹಾಗೆ ಕಾಣುತ್ತದೆ.

ನಮ್ಮವಳ ಹೆಸರು ಗೋಣಜ್ಜಿ. ಗೋಣಿಚೀಲ ಹೊತ್ತ ಅಜ್ಜಿ, ಅಷ್ಟೇ. ನಿನ್ನ ಗ್ರೀಕರಷ್ಟು ಪಾಂಡಿತ್ಯ ನಮಗಿಲ್ಲ. ಹುಟ್ಟಿನ ವಿಷಯದಲ್ಲಿ ಮಾತ್ರ ನಾವೂ ಕಡಿಮೆಯಿಲ್ಲ. ತೆಂಗಿನಗುಂಡಿಯ ಅಲೆಯಲ್ಲಿ ಅವಳ ಮಗು ಕೊಚ್ಚಿಹೋಯಿತು, ಅದನ್ನೇ ಹುಡುಕುತ್ತ ಮನೆಮನೆ ತಿರುಗುತ್ತಾಳೆ ಎಂದು ನಮ್ಮ ಕೇರಿಯ ಮೇಲಿನವರು. ಕೊಚ್ಚಿಹೋಗಲಿಲ್ಲ, ತಾನೇ ಸಾರು ಮಾಡಿ ಉಂಡಳು ಎಂದು ಕೆಳಗಿನವರು. ಅವಳ ಚೀಲದಲ್ಲಿ ಉಣ್ಣದ ಮಕ್ಕಳಿದ್ದಾರೆ ಎಂಬ ವಿಷಯದಲ್ಲಿ ಎರಡೂ ಕಡೆಯವರಿಗೆ ಒಮ್ಮತ.

ಆದರೆ ನಮ್ಮ ಗೋಣಜ್ಜಿ ನಿಜಕ್ಕೂ ಇದ್ದ ಹೆಂಗಸು, ಹೆಸರು ದುರ್ಗಿ. ನಿನ್ನ ಭಟ್ಕಳದ ಕಡೆಯ ತೆಂಗಿನಗುಂಡಿಯವಳು. ನನಗಿಂತ ಸ್ವಲ್ಪ ದೊಡ್ಡವಳು, ಗಟ್ಟಿ ಎಲುಬು, ಬಾಯಿ ತುಂಬ ಎಲೆಯಡಿಕೆ. ಬಸ್ಸಿಳಿದು ಊರೂರು ನಡೆದು ಹೆಂಗಸರ ಉದುರಿದ ಕೂದಲು ತೆಗೆದುಕೊಂಡು ಬದಲಿಗೆ ಸ್ಟೀಲ್ ಸಾಮಾನು ಕೊಡುವುದು ಅವಳ ಕಸುಬು. ಊರಿನ ಕಥೆಗಳನ್ನು ನಾನೇ ಒಮ್ಮೆ ಅವಳಿಗೆ ಹೇಳಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಂಗಿಪ್ಪುದು ಒಂದೇ ಮಗ್ಳು ಅಕ್ಕೋರೇ, ಲಕ್ಕಿ. ಅದ್ನ ನಾ ತಿಂಬೂಕೆ ಎಲ್ಲಾಗ್ತದೆ? ಅದೇ ನನ್ನ ತಿಂತಾ ಅದೆ" ಅಂದಳು.

ಈ ಕೂದಲ ವ್ಯಾಪಾರದ ಗುಟ್ಟು ನಿನಗೆ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಬಾಚುವಾಗ ಉದುರಿದ ಕೂದಲನ್ನು ಸುರುಳಿ ಸುತ್ತಿ, ಥೂ ಥೂ ಎಂದು ಉಗಿದು, ಹಂಚಿನ ಸಂದಿಯಲ್ಲೋ ತೆಂಗಿನ ಗೆರಟೆಯಲ್ಲೋ ಇಡುವುದು ನಮ್ಮ ಪದ್ಧತಿ. ಅದನ್ನು ಮಾರಿದರೆ ಮನೆಯ ಲಕ್ಷ್ಮಿ ಹೋಗುತ್ತಾಳೆ, ಆಗದವರ ಕೈ ಸೇರಿದರೆ ಮಾಟ ಮಾಡಿಸುತ್ತಾರೆ ಎಂಬುದು ಅತ್ತೆಯಂದಿರ ಶಾಸನ. ಹಾಗಾಗಿ ದುರ್ಗಿ ಬರುತ್ತಿದ್ದದ್ದು ಗಂಡಸರು ದೋಣಿಗೋ ಗದ್ದೆಗೋ ಹೋದ ಮಧ್ಯಾಹ್ನದ ಹೊತ್ತಿಗೆ, ಹಿತ್ತಿಲ ಬಾಗಿಲಿಗೆ. ಸೊಸೆ ಒಂದು ಬಾಗಿಲಲ್ಲಿ, ಶಾಸನ ಬರೆದ ಅತ್ತೆ ಇನ್ನೊಂದು ಬಾಗಿಲಲ್ಲಿ. ಕಾಗಾಲದ ಅರ್ಧ ಸೌಟು, ಡಬ್ಬಿ, ಚಮಚಗಳು ನಮ್ಮ ತಲೆಯಿಂದ ಉದುರಿದವು. ಗಂಡಸರು ಅವನ್ನು ತವರಿನ ಉಡುಗೊರೆ ಎಂದು ತಿಳಿದು ಗೌರವದಿಂದ ಬಡಿಸಿಕೊಂಡು ಉಂಡರು.

ಗೋಣಜ್ಜಿ ಆಗುವುದು ಅವಳು ಬಿಟ್ಟಿಯಾಗಿ ಮಾಡಿಕೊಡುತ್ತಿದ್ದ ಸೇವೆ. ಕೂದಲು ಕೊಟ್ಟಾದ ಮೇಲೆ ತಾಯಂದಿರು, "ಅಜ್ಜೀ, ಒಂದ್ಸಲ ಹೆದ್ರ್ಸಿ ಹೋಗಿ" ಎನ್ನುತ್ತಿದ್ದರು. ಅವಳು ಸುತ್ತಿ ಮುಂಬಾಗಿಲಿಗೆ ಬಂದು, ಚೀಲವನ್ನು ಮೆಟ್ಟಿಲಿಗೆ ಕುಕ್ಕಿ, ಹೊಟ್ಟೆಯಾಳದಿಂದ ದನಿ ತೆಗೆಯುತ್ತಿದ್ದಳು. ಮಗು ಬಾಯಿ ತೆರೆಯುತ್ತಿತ್ತು. ತುತ್ತು ಒಳಗೆ ಹೋಗುತ್ತಿತ್ತು. ಎಲ್ಲರಿಗೂ ಲಾಭ.

ಹೋದ ತಿಂಗಳು ಎಲ್ಲರ ಫೋನಿಗೂ ಒಂದು ಸಂದೇಶ ಬಂತು. ಚೀಲ ಹೊತ್ತ ಹೆಂಗಸರು ಕರಾವಳಿಗೆ ಇಳಿದಿದ್ದಾರೆ, ಮಕ್ಕಳನ್ನು ಒಯ್ಯುತ್ತಾರೆ, ಎಲ್ಲರಿಗೂ ಕಳಿಸಿ ಎಂದು. ಎಲ್ಲರೂ ಎಲ್ಲರಿಗೂ ಕಳಿಸಿದರು. ನನಗೂ ಬಂತು; ಓದಿ ನಕ್ಕು ಅಳಿಸಿದೆ. ಹೆಂಗಸರಲ್ಲಿ ಒಬ್ಬಳಿಗೂ ಅದನ್ನು ಓದಿ ದುರ್ಗಿಯ ನೆನಪಾಗಲಿಲ್ಲ. ಅವಳು ನಮಗೆ ಅಷ್ಟು ಪರಿಚಿತಳು. ಗಂಡಸರು ಅವಳನ್ನು ಕಂಡೇ ಇರಲಿಲ್ಲ.

ಅದಾದ ಮೇಲೆ ದುರ್ಗಿ ಬಂದ ದಿನ ನನ್ನ ಮಗ ಶ್ರೀಧರ ಊರಲ್ಲೇ ಇದ್ದ. ಅವನು ಹೊನ್ನಾವರದಿಂದ ಹೊರಡುವ ಮೀನಿನ ಬೋಟಿನಲ್ಲಿ ಕೆಲಸ ಮಾಡುವುದು ನಿನಗೆ ಗೊತ್ತು. ಬೋಟಿನ ಎಂಜಿನ್ ಕೆಟ್ಟು ಊರಿಗೆ ಬಂದವನು ರಸ್ತೆಯ ಮೋರಿಕಟ್ಟೆಯ ಮೇಲೆ ಗೆಳೆಯರ ಜೊತೆ ಕೂತಿದ್ದ. ನಾನು ಮನೆಯ ಪಕ್ಕದ ಬಾವಿಯ ಹತ್ತಿರ, ಅಂಗಳವೂ ರಸ್ತೆಯೂ ಕಾಣುವಲ್ಲಿ, ಬಟ್ಟೆ ಒಗೆಯುತ್ತಿದ್ದೆ. ಸೊಸೆ ಯಮುನಾ ಜಗಲಿಯಲ್ಲಿ ಮೊಮ್ಮಗ ದೇವುಗೆ ಮೀನುಸಾರಿನ ಅನ್ನ ಕಲಸಿಕೊಂಡು ಕೂತು ಅರ್ಧ ಗಂಟೆಯಿಂದ ಸೋಲುತ್ತಿದ್ದಳು. ದುರ್ಗಿ ಹಿತ್ತಿಲಿಗೆ ಬಂದಳು. ಯಮುನಾ ಗೆರಟೆಯ ಕೂದಲು ಕೊಟ್ಟಳು, ಸೌಟು ತೆಗೆದುಕೊಂಡಳು. ನಾನೂ ನನ್ನ ಬಿಳಿಸುರುಳಿ ಕೊಟ್ಟು ಬಾವಿಗೆ ವಾಪಸಾದೆ. ಬೆನ್ನ ಹಿಂದೆ ಯಮುನಾ ಹೇಳಿದ್ದು ನನ್ನ ಕಿವಿಗೇ ಬಿತ್ತು: "ಅಜ್ಜೀ, ಒಂದ್ಸಲ ಹೆದ್ರ್ಸಿ ಹೋಗಿ. ಈ ಪೋರ ಇವತ್ತು ನನ್ನ ಜೀವ ತಿಂತದೆ."

ದುರ್ಗಿ ಮುಂದೆ ಹೋಗಿ ಚೀಲ ಕುಕ್ಕಿ ಗುಡುಗಿದಳು: "ಉಣ್ಣದಿದ್ದ ಪೋರನ್ನ ಇಲ್ಲಿ ಕೊಡಿ! ಚೀಲದಾಗೆ ಜಾಗ ಅದೆ!"

ದೇವು ಬಾಯಿ ತೆರೆದ. ಅದೇ ಹೊತ್ತಿಗೆ ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಯಾರೋ ಇಬ್ಬರು ನಿಂತು, "ಮಕ್ಕಳ ಕಳ್ಳಿ! ಮಕ್ಕಳನ್ನ ಕೇಳ್ತಾ ಅದೆ!" ಎಂದು ಕೂಗಿದರು. ಕೂಗಿ ಬೈಕು ಹೊಡೆದುಕೊಂಡು ಹೋದರು. ಶ್ರೀಧರ ತಲೆಯೆತ್ತಿ ನೋಡಿದರೆ ಚೀಲದ ಹೆಂಗಸು ನಿಂತದ್ದು ತನ್ನದೇ ಅಂಗಳದಲ್ಲಿ, ತನ್ನದೇ ಮಗನ ಎದುರಿಗೆ.

ಅವನು ಓಡಿಬರುತ್ತ ದಾರಿಯಲ್ಲಿ ಬಿದ್ದಿದ್ದ ತೆಂಗಿನ ಒಣಗರಿಯ ದಪ್ಪ ಬುಡ ಎತ್ತಿಕೊಂಡ. ಮೊದಲ ಪೆಟ್ಟು ಭುಜಕ್ಕೆ. ದುರ್ಗಿ ಇನ್ನೂ ಗೋಣಜ್ಜಿಯ ಪಾತ್ರದಲ್ಲೇ ಇದ್ದಳು, ವಿನುತಾ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು. ನೋವಿಗೆ ಬಾಗಿದವಳು ತಲೆಯೆತ್ತಿ, "ಏ ತಮಾ, ನಿಂಗೂ ಉಣ್ಸ್ಬೇಕಾ ಎಂತದು?" ಎಂದು ನಕ್ಕಳು. ಎರಡನೆಯದು ಬಾಯಿಗೇ ಬಿತ್ತು. ಎಲೆಯಡಿಕೆಯ ಕೆಂಪು ಯಾವುದು, ಇನ್ನೊಂದು ಯಾವುದು ಎಂದು ಆಮೇಲೆ ತಿಳಿಯಲಿಲ್ಲ.

ಗೆಳೆಯರೂ ಬಂದರು. ಒಬ್ಬ ಸೈಕಲ್ ಚೈನು ತಂದ, ಒಬ್ಬ ನಮ್ಮದೇ ಬೇಲಿಯ ಗೂಟ ಕಿತ್ತ. ಎಲ್ಲರೂ ನಾನು ಮೂಗು ಒರೆಸಿ, ಉಪ್ಪಿಟ್ಟು ತಿನ್ನಿಸಿ, ಒಂದು ಎರಡು ಕಲಿಸಿದವರು. ಸರದಿಯಲ್ಲಿ ನಿಲ್ಲಬೇಕು ಎಂದು ಎಷ್ಟು ವರ್ಷ ಬಾಯಿ ನೋಯಿಸಿಕೊಂಡಿದ್ದೆ. ಆ ದಿನ ನಿಂತರು. ಒಬ್ಬ ಹೊಡೆದು ದಣಿದರೆ ಇನ್ನೊಬ್ಬನಿಗೆ ಜಾಗ ಬಿಟ್ಟ. ಅವಳ ಮೊಣಕೈ ಹಿಂದಕ್ಕೆ ಮಡಚಿತು. ಎಡಗಣ್ಣು ಊದಿ, ಒಡೆದು, ಕೆನ್ನೆಗೆ ಇಳಿಯಿತು.

ಆಗ ಯಾರೋ ಚೀಲ ಹರಿದರು.

ಕೂದಲು ಅಂಗಳದ ತುಂಬ ಉರುಳಿತು. ಕರಿಯದು, ಕಂದು, ಗೋರಂಟಿಯ ಕೆಂಪು, ನರೆತದ್ದು. ಗಂಡಸರು ಒಂದು ಕ್ಷಣ ಹಿಂದೆ ಸರಿದರು. "ಎಷ್ಟ್ ಮಕ್ಳನ್ನ ಕೊಂದದೆ ನೋಡ್ರಾ!" ಎಂದು ಒಬ್ಬ ಕಿರುಚಿದ. ಬೇಲಿಯ ಆಚೆ ಕೇರಿಯ ಹೆಂಗಸರೆಲ್ಲ ಸೇರಿದ್ದರು. ಪ್ರತಿಯೊಬ್ಬಳಿಗೂ ತನ್ನ ಸುರುಳಿಯ ಗುರುತು ಇತ್ತು. ತಮ್ಮ ಹೆಂಡತಿಯರ, ತಾಯಂದಿರ ಕೂದಲನ್ನು ಕಂಡು, ಸತ್ತ ಮಕ್ಕಳದೆಂದು ತಿಳಿದು ಗಂಡಸರು ಅಳುತ್ತ ಹೊಡೆದರು. ಹೆಂಗಸರು ಸೆರಗು ಕಚ್ಚಿಕೊಂಡು ನಿಂತರು. ಬಾಯಿ ಬಿಟ್ಟರೆ ಮನೆಯ ಲಕ್ಷ್ಮಿಯನ್ನು ಸೌಟಿಗೆ ಮಾರಿದ್ದು ಗೊತ್ತಾಗುತ್ತದಲ್ಲ.

ಅಷ್ಟರಲ್ಲಿ ನಾನು ಮಂಡಿ ಎಳೆದುಕೊಂಡು ಒದ್ದೆ ಕೈಯಲ್ಲೇ ಬಂದು ಮುಟ್ಟಿದೆ. "ಬಿಳೀದು ನಂದು! ನನ್ನ ಕೂದ್ಲು ಅದು! ಯಮುನಂದೂ ಅದೆ, ನಿಮ್ಮ ಹೆಂಡ್ರದ್ದೂ ಅದೆ! ಬಿಡ್ರಾ ಅದ್ನ!" ಎಂದು ಕೂಗಿದೆ. ಯಾರೋ ತಳ್ಳಿದರು. ಬಿದ್ದೆ, ಕನ್ನಡಕ ಒಡೆಯಿತು. ಶ್ರೀಧರ ನನ್ನ ಕಡೆ ತಿರುಗಿ, "ಆಯೀ, ನೀ ಒಳ್ಗೆ ನಡಿ!" ಅಂದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಇರುತ್ತಿತ್ತಲ್ಲ, ಅಂಥ ಮುಖ. ಮತ್ತೆ ತಿರುಗಿ ದುರ್ಗಿಯ ಜಡೆ ಕೈಗೆ ಸುತ್ತಿಕೊಂಡು ಎಳೆದ. ಜಡೆ ಬಂತು. ಅದರ ಬುಡದಲ್ಲಿ ಚರ್ಮವೂ ಬಂತು.

ಆಂಬುಲೆನ್ಸಿಗೆ ಅವಳ ಜೊತೆ ನಾನೊಬ್ಬಳೇ ಹತ್ತಿದೆ. ಕುಮಟಾದಲ್ಲಿ ನೋಡಿ, ತಲೆಯ ಒಳಗೆ ಪೆಟ್ಟಾಗಿದೆ, ಮಂಗಳೂರಿಗೆ ಒಯ್ಯಿರಿ ಅಂದರು. ನಮ್ಮ ಜಿಲ್ಲೆಯಲ್ಲಿ ಸಾಯುವವರು ಮೊದಲು ಪ್ರವಾಸ ಮಾಡಬೇಕು, ನಿನಗೆ ಗೊತ್ತಿದ್ದದ್ದೇ. ಹೊನ್ನಾವರ ದಾಟುವಾಗ ಶರಾವತಿ ಸೇತುವೆಯ ಮೇಲೆ ಅವಳ ಉಳಿದ ಕಣ್ಣು ತೆರೆಯಿತು. ತುಟಿ ಅಲ್ಲಾಡಿತು. ನೀರು ಕೇಳುತ್ತಾಳೆ ಎಂದು ಕಿವಿ ಹತ್ತಿರ ಒಯ್ದೆ.

"ಹುಡ್ಗ ಉಂಡ್ತಾ ಅಕ್ಕೋರೇ?"

"ಉಂಡ್ತು" ಅಂದೆ.

ಸೇತುವೆ ಮುಗಿಯುವಷ್ಟರಲ್ಲಿ ಅವಳೂ ಮುಗಿದಿದ್ದಳು.

ಮಗಳು ಲಕ್ಕಿ ಬಂದು ದೇಹ ತೆಗೆದುಕೊಂಡಳು. ನನ್ನೆದುರು ಅಳಲಿಲ್ಲ. ಚೀಲ ಎಲ್ಲಿ ಎಂದು ಕೇಳಿದಳು. ಪೊಲೀಸರ ಹತ್ತಿರ ಎಂದೆ. "ಅದ್ರಾಗಿಪ್ಪುದು ನಿಮ್ಮೂರ ಹೆಂಗಸ್ರದ್ದು. ವಾಪಸ್ ಕೊಡೂಕೆ ಹೇಳಿ. ನಮ್ಗೆ ನಿಮ್ಮ ಕೂದ್ಲೂ ಬೇಡ" ಅಂದಳು.

ಆದರೆ ವಾಪಸ್ ತೆಗೆದುಕೊಳ್ಳುವವರು ಯಾರು? ಇನ್‌ಸ್ಪೆಕ್ಟರ್ ಮನೆಮನೆಗೆ ಹೋಗಿ ಕೇಳಿದರು. ನಮ್ಮ ಊರಲ್ಲಿ ಒಬ್ಬ ಹೆಂಗಸಿನ ತಲೆಯಿಂದಲೂ ಒಂದೇ ಒಂದು ಕೂದಲು ಉದುರಿಲ್ಲ ಎಂಬುದು ಈಗ ಪೊಲೀಸ್ ದಾಖಲೆಯಲ್ಲಿದೆ. ಕೂದಲೆಣ್ಣೆಯ ಕಂಪನಿಗಳು ಬಂದು ಸಂಶೋಧನೆ ಮಾಡಬಹುದು. ಅದೇ ವಾರ ಅಡುಗೆಮನೆಗಳಿಂದ ಸ್ಟೀಲ್ ಸೌಟುಗಳು ಮಾಯವಾದವು. ಬಾವಿಗಳಲ್ಲಿ ಕೊಡ ಇಳಿಸಿದರೆ ತಳದಲ್ಲಿ ಟಣ್ ಎನ್ನುತ್ತದೆ. ಯಮುನಾ ಹೇಳಿದ್ದು ಹೀಗೆ: "ನಾ ಕರೀಲಿಲ್ಲ. ಅದೇ ಬಂತು, ಮಗೂನ್ ಕೊಡಿ ಅಂತು. ಹೊಡ್ದವ್ರು ಬೈಕಿನಾಗೆ ಬಂದವ್ರು, ಓಡಿ ಹೋದ್ರು."

ಇಡೀ ಊರು ಈಗ ಅದನ್ನೇ ಹೇಳುತ್ತಿದೆ. ಶ್ರೀಧರ ಮತ್ತು ಗೆಳೆಯರು ಒಳಗಿದ್ದಾರೆ, ಆದರೆ ಯಾರೋ ತೆಗೆದ ವೀಡಿಯೋದಲ್ಲಿ ಕಾಣುವುದು ಬರೀ ಬೆನ್ನುಗಳು. ಕಣ್ಣಾರೆ ಕಂಡೆ ಎನ್ನುವವರು ಒಬ್ಬರೂ ಇಲ್ಲದಿದ್ದರೆ ಬಿಡುಗಡೆಯಾಗಿ ಬರುತ್ತಾರೆ. ನಾಡಿದ್ದು ಕುಮಟಾ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಡಲು ನನ್ನನ್ನು ಕರೆದಿದ್ದಾರೆ. ಕನ್ನಡಕ ಒಡೆದಿತ್ತು, ಏನೂ ಕಾಣಲಿಲ್ಲ ಎಂದರೆ ಸಾಕು. ಅದು ಅರ್ಧ ಸತ್ಯವೂ ಹೌದು.

ಇವತ್ತು ಬೆಳಿಗ್ಗೆ ಪಂಚಾಯ್ತಿ ಸದಸ್ಯ ನಾಗಭೂಷಣ ಬಂದಿದ್ದ. ಚಹಾ ಕುಡಿದ, ನನ್ನ ಮಂಡಿಯ ಕ್ಷೇಮ ವಿಚಾರಿಸಿದ. ಅವನು ಮಂಡಿ ವಿಚಾರಿಸಿದಾಗಲೇ ಚುನಾವಣೆಯಷ್ಟೇ ದೊಡ್ಡದೇನೋ ಇದೆ ಎಂದು ತಿಳಿಯಿತು.

"ಅಕ್ಕೋರೇ, ಹೋದ್ದು ಹೋತು. ಇದ್ದವ್ರನ್ನ ಉಳ್ಸ್ಕೊಳ್ಳಿ" ಅಂದ.

"ನೀ ಕಂಡಿದ್ಯಾ ಅವತ್ತು?"

"ನಾ ಎಂತ ಕಾಣ್ಲಿ? ನಾ ಕುಮಟಾದಾಗಿದ್ದೆ. ಹುಡುಗ್ರು ಮಗೂ ಮೇಲಿನ ಪ್ರೀತಿಗೆ ಮಾಡದ್ದು. ಕೊಲೆ ಮಾಡೂಕೆ ಹೋದವ್ರಾ ಅವ್ರು?"

"ಹಂಗಾರೆ ಹಂಗೇ ಹೇಳ್ತೆ. ಪ್ರೀತಿಗೆ ಹೊಡ್ದ್ರು ಅಂತ."

ಅವನು ಚಹಾ ಲೋಟ ಕೆಳಗಿಟ್ಟ. "ಹೊರಗಿಂದ ಬಂದ ಕೂದ್ಲು ಮುದುಕಿ ಸಲುವಾಗಿ ಸ್ವಂತ ಮಗನ್ನ ಜೈಲಿಗೆ ಹಾಕೂ ತಾಯಿ ಎಲ್ಲಾದ್ರೂ ಇದ್ದಾ?"

ಒಳಗಿನಿಂದ ಯಮುನಾ ಬಂದು ಕಾಲು ಹಿಡಿದಳು. "ಅತ್ತೇ, ನಿಮ್ಮ ಮಗ ಅಲ್ದಾ?"

"ನನ್ನ ಮಗ ಹೌದು ತಂಗೀ. ಅದ್ಕೇ ಗುರ್ತು ತಪ್ಪೂಕೆ ಸಾಧ್ಯ ಇಲ್ಲ" ಅಂದೆ. ಕೇಳಲು ಚೆನ್ನಾಗಿದೆ, ಅಲ್ಲವೇ? ಹೇಳಿ ಹಿತ್ತಿಲಿಗೆ ಹೋಗಿ ಒಗೆದಿದ್ದ ಬಟ್ಟೆಯನ್ನೇ ಮತ್ತೊಮ್ಮೆ ಒಗೆದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಅಕ್ಷರ ನಿನ್ನ ಅಕ್ಷರದ ಹಾಗೆ ಕಾಣತೊಡಗಿದೆ.

27 ನವೆಂಬರ್

ನಿನ್ನೆ ಹೋಗಿ ಬಂದೆ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು, ಊರಿನವರು ನಿಂತೇ ಬಂದರು. ಜೀವನದಲ್ಲಿ ಮೊದಲ ಬಾರಿಗೆ ಕಾಲು ಚಾಚಿ ಕೂತು ಕುಮಟಾಕ್ಕೆ ಹೋದೆ. ಮಂಡಿ ಬಹಳ ಸಂತೋಷಪಟ್ಟಿತು.

ನ್ಯಾಯಾಧೀಶೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಾರಾದರೂ ಹೆದರಿಸಿದ್ದಾರಾ ಎಂದು ಕೇಳಿದರು. ಇಲ್ಲ, ಕಾಲು ಹಿಡಿದಿದ್ದಾರೆ ಎಂದೆ. ಏನು ನಡೆಯಿತು ಎಂದು ಕೇಳಿದರು. ಯಮುನಾ ಹೆದರಿಸಲು ಕೇಳಿಕೊಂಡದ್ದು, ದುರ್ಗಿ ಗುಡುಗಿದ್ದು, ಚೀಲ ಹರಿದದ್ದು, ಎಲ್ಲ ಹೇಳಿದೆ. ಕೂದಲಿನ ವಿಷಯಕ್ಕೆ ಬಂದಾಗ ಬೆರಳಚ್ಚಿನವಳ ಕೈ ನಿಂತಿತು. ತನ್ನ ಜಡೆಯನ್ನು ಬೆನ್ನ ಹಿಂದೆ ಸರಿಸಿಕೊಂಡು ಮತ್ತೆ ಕುಟ್ಟತೊಡಗಿದಳು.

"ಮೊದಲು ಹೊಡೆದವರು ಯಾರು?"

ಹೆಸರು ಹೇಳಿದೆ. ತಂದೆಯ ಹೆಸರೂ ಬೇಕು ಅಂದರು. ಅದನ್ನೂ ಹೇಳಿದೆ. ಅವನು ನಿಮಗೆ ಏನಾಗಬೇಕು ಎಂದು ಕೇಳಿದರು. ಮಗ ಎಂದೆ. ಅವರು ಪೆನ್ನು ಕೆಳಗಿಟ್ಟು ನನಗೆ ನೀರು ತರಿಸಿದರು. ನನಗೆ ಬಾಯಾರಿರಲಿಲ್ಲ, ಆದರೂ ಕುಡಿದೆ.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸ್ ತಿಂದೆ. ಎರಡು. ಮಗನನ್ನು ಹಿಡಿದುಕೊಟ್ಟ ತಾಯಿಗೆ ಹಸಿವೆ ಆಗಬಾರದು ಎಂದು ಎಲ್ಲೋ ಬರೆದಿರಬೇಕು. ಆಯಿತು. ಚಟ್ನಿಗೆ ಉಪ್ಪು ಕಡಿಮೆಯಿತ್ತು ಎಂಬುದೂ ಗೊತ್ತಾಯಿತು.

ನಿನ್ನ ಭಾಷಣ ಚೆನ್ನಾಗಿ ಆಗಲಿ. ಸಭೆಯಲ್ಲಿ ಕೆಮ್ಮುವವರು, ಫೋನು ಬಡಿಯುವವರು ಕಡಿಮೆಯಿರಲಿ. ನಿನ್ನ ಮಗಳ ಹೊಟ್ಟೆಯಲ್ಲಿರುವುದು ಸುಖವಾಗಿ ಹುಟ್ಟಲಿ, ಗಟ್ಟಿಯಾಗಿ ಅಳಲಿ, ಹಸಿದಾಗ ತಾನೇ ಕೇಳಿ ಉಣ್ಣಲಿ. ಗೋಡೆಯ ಹಸಿರು ಬಣ್ಣಕ್ಕೂ ನನ್ನ ಆಶೀರ್ವಾದ.

ನಿನ್ನ
ಮಾಲಿನಿ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಯಮುನಾ ಮನೆಯ ನಡುವಿನ ಬಾಗಿಲಿಗೆ ಹಲಗೆ ಹೊಡೆಸಿದ್ದಾಳೆ. ಆಚೆ ಅವಳು ಮತ್ತು ದೇವು, ಈಚೆ ನಾನು. ಇವತ್ತು ಮಧ್ಯಾಹ್ನ ಆ ಕಡೆ ದೇವು ಉಣ್ಣಲಾರೆ ಎಂದು ಹಟ ಹಿಡಿದಿದ್ದ. ಅವಳು ದನಿ ತಗ್ಗಿಸಿ ಹೇಳಿದಳು: "ಉಣ್ಣು. ಇಲ್ದಿದ್ರೆ ಆಚೆ ಬದಿ ಅಜ್ಜಿ ಬತ್ತು. ನಿನ್ನ ಅಪ್ಪನ್ನ ತಿಂದದ್ದು ಅದೇ." ಅಳು ಗಕ್ಕನೆ ನಿಂತಿತು. ಆಮೇಲೆ ಅಗಿಯುವ ಸದ್ದು. ಒಂದೊಂದು ತುತ್ತೂ ಕೇಳಿಸಿತು, ತಟ್ಟೆ ಖಾಲಿಯಾಗುವ ತನಕ. ನನಗೆ ನಡುವೆ ಕೆಮ್ಮು ಒತ್ತಿ ಬಂತು. ಮಗು ಹೆದರೀತು ಎಂದು ಬಾಯಿಗೆ ಸೆರಗು ತುರುಕಿಕೊಂಡು ಕೂತೆ.